ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ಬನ್ನಿ: ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ, ಕೋಲಾರದ ಕಡೆಯ ಹೆಂಗಸರಿಗಾಗಿ

ನಮ್ಮೂರಿನ ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರ ಮನೆಗೆಲ್ಲ ಒಂದು ಫಾರಂ ಹಿಡಿದು ಬರುತ್ತಾರೆ. ಬಿ.ಪಿ. ಇದೆಯಾ, ಸೊಂಟದ ಸುತ್ತಳತೆ ಎಷ್ಟು, ಹೊಗೆಸೊಪ್ಪು ಹಾಕುತ್ತೀರಾ ಅಂತ ಕೇಳಿಕೊಂಡು ಹೋಗಿ, ಹಾಳೆಯ ಕೆಳಗೆ ಬರುವಷ್ಟರಲ್ಲಿ ದನಿ ತಗ್ಗಿಸುತ್ತಾರೆ. ಮುಟ್ಟಿನ ನಡುವೆ ರಕ್ತ ಹೋಗುತ್ತದಾ? ಮುಟ್ಟು ನಿಂತ ಮೇಲೆ ಹೋಗಿದೆಯಾ? ಗಂಡನ ಜೊತೆ ಸೇರಿದ ಮೇಲೆ? ಕೆಟ್ಟ ವಾಸನೆಯ ಬಿಳುಪು? ಪಡಸಾಲೆಯಲ್ಲಿ ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿರುತ್ತಾರೆ, ಅಂಗಳದಲ್ಲಿ ಮೈದುನ ಬೈಕು ಒರೆಸುತ್ತಿರುತ್ತಾನೆ. ಇಲ್ಲ, ಇಲ್ಲ, ಇಲ್ಲ, ಇಲ್ಲ. ನಾಲ್ಕು ಸಲ ಬರೆದುಕೊಂಡು ಅವರು ಮುಂದಿನ ಮನೆಗೆ ಹೋಗುತ್ತಾರೆ. ನಾನೂ ಹಾಗೆಯೇ ಹೇಳಿ ಕಳಿಸಿದ್ದೆ.

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕದ ಪುಸ್ತಕ ಬರೆಯುವವಳು. ಡಾಕ್ಟರಲ್ಲ, ನರ್ಸೂ ಅಲ್ಲ. ನಮ್ಮ ಮನೆತನದಲ್ಲೇ ಒಬ್ಬರಿಗೆ ಈ ಕಾಯಿಲೆ ಬಂದ ಮೇಲೆ ಸಂಘದ ಹೆಂಗಸರನ್ನು ನಾಲ್ಕೈದು ಸಲ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೇನೆ. ಯಾವ ದಿನ ಹೋಗಬೇಕು, ಏನು ಉಟ್ಟುಕೊಂಡು ಹೋಗಬೇಕು, ಅಲ್ಲಿ ಏನು ಕೇಳಬೇಕು, ಯಾವುದಕ್ಕೆ ಹೂಂ ಅನ್ನಬಾರದು, ಇವು ಆಸ್ಪತ್ರೆಯ ಗೋಡೆಯ ಪೋಸ್ಟರಿನಲ್ಲಿ ಇರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಇಷ್ಟು ತಿಳಿದಿರಲಿ

ತಲೆಕೆಳಗಾಗಿ ನೇತುಹಾಕಿದ ಸೋರೆಬುರುಡೆಯ ಹಾಗೆ ಗರ್ಭಕೋಶ. ಕೆಳಗಿನ ಸಣ್ಣ ಕತ್ತೇ ಗರ್ಭಕಂಠ. ಡಾಕ್ಟರು ಗರ್ಭಕಂಠ ಅಂತಾರೆ, ನರ್ಸಮ್ಮ ಗರ್ಭಕೋಶದ ಬಾಯಿ ಅಂತಾರೆ, ಎರಡೂ ಒಂದೇ. ಅಲ್ಲಿ ಬರುವ ಕ್ಯಾನ್ಸರಿಗೆ ಹೆಚ್ಚೂಕಡಿಮೆ ಎಲ್ಲ ಸಲವೂ ಎಚ್‌ಪಿವಿ ಎಂಬ ವೈರಸ್ಸೇ ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನಲ್ಲಿ ನೂರಾರು ಬಗೆ ಇದ್ದರೂ 16 ಮತ್ತು 18 ಎಂಬ ಎರಡು ನಂಬರಿನವೇ ನೂರಕ್ಕೆ ಎಪ್ಪತ್ತರಷ್ಟು ಗರ್ಭಕಂಠದ ಕ್ಯಾನ್ಸರಿಗೆ ಕಾರಣ.

ವೈರಸ್ಸು ಹರಡುವುದು ಗಂಡು ಹೆಣ್ಣು ಕೂಡುವುದರಿಂದ. ಹಾಗೆಂದ ಕೂಡಲೇ ಮನೆಯಲ್ಲಿ ಅನುಮಾನದ ಮಾತು ಏಳುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಸಾರ ಮಾಡಿದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಇದು ಬದುಕಿನಲ್ಲಿ ಒಂದು ಸಲವಾದರೂ ತಗುಲಿಯೇ ಇರುತ್ತದೆ. ನೆಗಡಿಯಷ್ಟೇ ಸಾಮಾನ್ಯ. ಹತ್ತರಲ್ಲಿ ಒಂಬತ್ತು ಮಂದಿಗೆ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಎಂದು ಬಂತು, ಯಾರಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಇಪ್ಪತ್ತು ವರ್ಷ ಸುಮ್ಮನಿದ್ದು ಈಗ ಕಾಣಿಸಿಕೊಂಡಿರಬಹುದು. ವರದಿ ಹಿಡಿದು ಗಂಡ ಹೆಂಡತಿ ಜಗಳವಾಡುವುದು ಶುದ್ಧ ದಂಡ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬಚ್ಚಲು ಬಳಸಿದರೆ ಈ ಕ್ಯಾನ್ಸರ್ ಅಂಟುವುದಿಲ್ಲ.

ವೈರಸ್ಸು ಕೂತ ಮೇಲೆ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಸರಿಯಾಗಿ ಸಿಗದವರಲ್ಲಿ ಐದರಿಂದ ಹತ್ತು ವರ್ಷಕ್ಕೇ ಆಗಬಹುದು. ಅಷ್ಟು ಕಾಲ ನೋವಿಲ್ಲ, ರಕ್ತವಿಲ್ಲ, ಏನೂ ಇಲ್ಲ. ಆ ಏನೂ ಇಲ್ಲದ ಕಾಲದಲ್ಲಿ ಕಣ್ಣಿಟ್ಟು ನೋಡಿದರೆ ಬಾಯಿ ಕೆಡುತ್ತಿರುವುದು ಕಾಣುತ್ತದೆ, ಅಲ್ಲೇ ಸುಟ್ಟುಹಾಕಬಹುದು. ಎಲ್ಲೋ ನೋವಾದರೆ ಮಾತ್ರ ಆಸ್ಪತ್ರೆ ಎಂಬ ನಮ್ಮ ರೂಢಿಗೆ ಈ ಪರೀಕ್ಷೆ ಸರಿಹೊಂದುವುದೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ಇಬ್ಬರೂ ಇರಲಿಲ್ಲ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, 80 ಸಾವಿರದ ಹತ್ತಿರ ಸತ್ತರು.

ನೀವು ಯಾವ ಸಾಲಿನಲ್ಲಿ ನಿಲ್ಲಬೇಕು

ಸರ್ಕಾರದ ಲೆಕ್ಕದಲ್ಲಿ 30ರಿಂದ 65 ವರ್ಷದೊಳಗಿನ ಎಲ್ಲ ಹೆಂಗಸರೂ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎಚ್‌ಐವಿ ಇರುವವರು 25ಕ್ಕೇ ಶುರುಮಾಡಬೇಕು, ಇನ್ನೂ ಬೇಗ ಬೇಗ ಮಾಡಿಸಬೇಕು. ಅವರು ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲೇ ಕೇಳಲಿ.

ಈಗಾಗಲೇ ತೊಂದರೆ ಇರುವವರು ಈ ಸಾಲಿನಲ್ಲಿ ನಿಲ್ಲಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸರಿ, ಕೂಡಿದ ಮೇಲೆ ರಕ್ತ ಬಂದರೂ ಸರಿ, ಎರಡು ಮುಟ್ಟಿನ ನಡುವೆ ಹೋಗುತ್ತಿದ್ದರೂ, ನೀರಿನಂಥದೋ ರಕ್ತ ಬೆರೆತದ್ದೋ ಕೆಟ್ಟ ವಾಸನೆಯ ಬಿಳುಪು ನಿಲ್ಲದೆ ಹೋಗುತ್ತಿದ್ದರೂ, ಶಿಬಿರ ಬರಲಿ ಅಂತ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲೋ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲೋ ಹೆಂಗಸರ ಡಾಕ್ಟರನ್ನು ನೇರವಾಗಿ ನೋಡಿ.

ನನ್ನ ದೊಡ್ಡಮ್ಮನ ಮಗಳು, ನಾವೆಲ್ಲ ದೊಡ್ಡಕ್ಕ ಅನ್ನುವವರು, ಮಾಡಿದ ತಪ್ಪು ಇದೇ. ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ಕಾಣಿಸಿಕೊಂಡಿತು. ‘ವಯಸ್ಸು ತಿರುಗಿ ಬಂತು ಕಣೇ’ ಅಂತ ನಕ್ಕರು. ಹಳೇ ಸೀರೆಯ ಬಟ್ಟೆ ಮಡಚಿ ಇಟ್ಟುಕೊಂಡು ಎಂಟು ತಿಂಗಳು ಟೊಮೇಟೊ ಬಿಡಿಸಲು ಹೋಗುತ್ತಲೇ ಇದ್ದರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ‘ಆಪರೇಷನ್’ ಎಂಬ ಮಾತು. ನಮ್ಮ ಕಡೆ ‘ನಂದು ಆಪರೇಷನ್ ಆಗಿದೆ’ ಅಂದರೆ ಮಕ್ಕಳಾಗದ ಆಪರೇಷನ್. ಅದಾದ ಮೇಲೆ ಗರ್ಭಕೋಶದ ಬಾಗಿಲೇ ಮುಚ್ಚಿಹೋಯಿತು, ಇನ್ಯಾವ ಕಾಯಿಲೆಯೂ ಬರುವುದಿಲ್ಲ ಎಂಬ ನಂಬಿಕೆ ಬಹಳ ಜನಕ್ಕಿದೆ. ಅದರಲ್ಲಿ ಕಟ್ಟುವುದು ಮೇಲಿನ ನಾಳವನ್ನು. ಬಾಯಿ ಇದ್ದ ಹಾಗೇ ಇರುತ್ತದೆ, ಪರೀಕ್ಷೆಯೂ ಬೇಕು. ವಂಕಿ (ಕಾಪರ್-ಟಿ) ಹಾಕಿಸಿಕೊಂಡವರಿಗೂ ಬೇಕು, ಅಡ್ಡಿಯೇನಿಲ್ಲ. ಗಂಡ ತೀರಿಹೋಗಿ ಹತ್ತು ವರ್ಷವಾದವರಿಗೂ ಬೇಕು. ಮೇಲೆ ಹೇಳಿದ ಇಪ್ಪತ್ತು ವರ್ಷದ ಲೆಕ್ಕ ನೆನಪಿಸಿಕೊಳ್ಳಿ. ಗರ್ಭಕೋಶವನ್ನೇ ತೆಗೆಸಿಕೊಂಡವರು ಆ ಆಪರೇಷನ್ನಿನ ಚೀಟಿ ಹುಡುಕಿ ತನ್ನಿ. ಬಾಯಿಯನ್ನೂ ತೆಗೆದಿದ್ದು, ಆಗ ಕ್ಯಾನ್ಸರಿನ ಯಾವ ಗುರುತೂ ಇರದಿದ್ದರೆ ಪರೀಕ್ಷೆ ಬೇಕಿಲ್ಲ. ಮೇಲಿನ ಭಾಗವನ್ನಷ್ಟೇ ತೆಗೆದು ಬಾಯಿ ಬಿಟ್ಟಿರುವುದೂ ಉಂಟು, ಅಂಥವರಿಗೆ ಬೇಕು. ಬಸುರಿಯರು, ಹೆರಿಗೆಯಾಗಿ ಮೂರು ತಿಂಗಳಾಗದವರು ಮುಂದಕ್ಕೆ ಹಾಕಿಕೊಳ್ಳಲಿ.

ದಿನ ಆರಿಸುವುದು

ಟೊಮೇಟೊ ಕೊಯ್ಲಿನ ವಾರ, ಮಾವಿನ ಸುಗ್ಗಿ, ಊರ ಜಾತ್ರೆ, ಇವನ್ನು ಬಿಟ್ಟುಬಿಡಿ. ಯಾರೂ ಬರುವುದಿಲ್ಲ, ಬಂದರೂ ಅರ್ಧ ಜೀವ ತೋಟದಲ್ಲಿರುತ್ತದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಒಂಬತ್ತರ ಬಸ್ಸು ಹಿಡಿದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬಹುದು. ನಮ್ಮ ಲೆಕ್ಕಾಚಾರವೆಲ್ಲ ಹಸುವಿನ ಕೆಚ್ಚಲಿನ ಸುತ್ತಲೇ ನಡೆಯುವುದು.

ಮುಟ್ಟಿನ ಲೆಕ್ಕ ಬೇರೆ. ಮುಟ್ಟು ಶುರುವಾದ ದಿನದಿಂದ ಎಣಿಸಿ ಹತ್ತರಿಂದ ಇಪ್ಪತ್ತನೇ ದಿನದೊಳಗೆ ಹೋಗುವುದು ಒಳ್ಳೆಯದು. ಹೋಗುವ ಎರಡು ದಿನ ಮುಂಚಿನಿಂದ ಗಂಡನ ಜೊತೆ ಸೇರಬೇಡಿ, ಒಳಗೆ ಯಾವ ಮಾತ್ರೆ ಮುಲಾಮನ್ನೂ ಇಟ್ಟುಕೊಳ್ಳಬೇಡಿ, ಒಳಗಡೆ ನೀರು ಬಿಟ್ಟು ತೊಳೆಯಬೇಡಿ. ಡಾಕ್ಟರ ಹತ್ತಿರ ಹೋಗುತ್ತೇವೆ ಅಂತ ಕೆಲವರು ಸೋಪು, ಡೆಟಾಲ್ ಹಾಕಿ ತೊಳೆದುಕೊಂಡು ಬರುತ್ತಾರೆ. ಅದು ಬೇಡವೇ ಬೇಡ; ಉರಿಯೂ ಬರುತ್ತದೆ, ಪರೀಕ್ಷೆಯೂ ಕೆಡುತ್ತದೆ.

ಹೊರಡುವ ಮುಂಚೆ ಒಂದು ಫೋನು ಮಾಡಿಸಿ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಮೊದಲ ಸಲ ಹನ್ನೊಂದು ಜನ ಹೂವು ಮುಡಿದುಕೊಂಡು ಹೊರಟೆವು. ಹೋಗಿ ನೋಡಿದರೆ ಪರೀಕ್ಷೆ ಮಾಡುವ ಸಿಸ್ಟರ್ ಟ್ರೈನಿಂಗಿಗೆ ಹೋಗಿದ್ದರು, ಬೇರೆ ಯಾರಿಗೂ ಅದು ಗೊತ್ತಿಲ್ಲ. ಆ ಹನ್ನೊಂದರಲ್ಲಿ ಎರಡನೇ ಸಲ ಬಂದವರು ಆರೇ ಜನ. ಆಶಾ ಕಾರ್ಯಕರ್ತೆಗೆ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯಾಧಿಕಾರಿಗೆ ಹೇಳಿ ಎರಡು ವಿಷಯ ಕೇಳಿಸಿ: ಗರ್ಭಕೋಶದ ಬಾಯಿಯ ಪರೀಕ್ಷೆ ಅಲ್ಲಿ ಯಾವ ವಾರ ಮಾಡುತ್ತಾರೆ, ಮಾಡುವವರು ಆ ದಿನ ಇರುತ್ತಾರಾ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ (ಬಿ.ಪಿ., ಶುಗರ್, ಕ್ಯಾನ್ಸರಿನಂಥ ಕಾಯಿಲೆ ನೋಡುವ ಕೋಣೆ) ಎಲ್ಲಿ ಅಂತ ವಿಚಾರಿಸಿದರೆ ದಾರಿ ತೋರಿಸುತ್ತಾರೆ. 104 ಆರೋಗ್ಯ ಸಹಾಯವಾಣಿಗೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಗೃಹ ಆರೋಗ್ಯ ಯೋಜನೆಯ ತಂಡ ಮನೆ ಬಾಗಿಲಿಗೆ ಬಂದಾಗ ಬಿ.ಪಿ., ಶುಗರ್ ನೋಡಿಸಿಕೊಂಡು ಕಳಿಸಿಬಿಡಬೇಡಿ. ಈ ಪರೀಕ್ಷೆಗೆ ಎಲ್ಲಿಗೆ, ಎಂದು ಬರಬೇಕು ಅಂತ ಅವರಿಂದಲೇ ಬರೆಸಿಕೊಳ್ಳಿ.

ಆಧಾರ್, ರೇಷನ್ ಕಾರ್ಡು, ಹಳೇ ಚೀಟಿಗಳೆಲ್ಲ ಒಂದು ಕವರಿನಲ್ಲಿರಲಿ. ಕೊನೆಯ ಮುಟ್ಟಿನ ತಾರೀಕನ್ನು ಕವರಿನ ಮೇಲೇ ಬರೆದುಕೊಳ್ಳಿ, ಅಲ್ಲಿ ಕೇಳಿದಾಗ ಯಾರಿಗೂ ನೆನಪಿರುವುದಿಲ್ಲ. ಚೂಡಿದಾರಕ್ಕಿಂತ ಸೀರೆ ವಾಸಿ, ಪೂರ್ತಿ ಬಿಚ್ಚುವ ಗೋಜಿಲ್ಲ, ಮೇಲಕ್ಕೆ ಎತ್ತಿಕೊಂಡರೆ ಸಾಕು. ಉಪವಾಸ ಬೇಕಿಲ್ಲ. ಮುದ್ದೆ ಉಂಡೇ ಹೋಗಿ.

ಮೇಜಿನ ಮೇಲೆ

ಎಲ್ಲರೂ ಹೆದರುವುದು ಇಲ್ಲಿಗೇ. ಏನೇನು ನಡೆಯುತ್ತದೆಂದು ಒಂದೊಂದಾಗಿ ಹೇಳಿಬಿಡುತ್ತೇನೆ.

ಮೊದಲು ಮೂತ್ರ ಮಾಡಿ ಬನ್ನಿ ಅನ್ನುತ್ತಾರೆ. ಪರದೆಯ ಹಿಂದೆ ಎತ್ತರದ ಮೇಜು. ಹೆರಿಗೆಗೆ ಮಲಗುವ ಹಾಗೆ ಅಂಗಾತ ಮಲಗಿ, ಮಂಡಿ ಮಡಚಿ, ಕಾಲು ಅಗಲಿಸಬೇಕು. ಹೊಟ್ಟೆಯ ಮೇಲೊಂದು ಬಟ್ಟೆ ಹೊದಿಸುತ್ತಾರೆ, ಹೊದಿಸದಿದ್ದರೆ ಕೇಳಿ. ಪರೀಕ್ಷೆ ಮಾಡುವವರು ಗಂಡಸಾದರೆ ಹೆಣ್ಣು ಸಿಬ್ಬಂದಿ ಒಬ್ಬರು ಪಕ್ಕದಲ್ಲಿರಲಿ ಅಂತ ಹೇಳಲು ನಾಚಬೇಡಿ, ಅದು ನಿಮ್ಮ ಹಕ್ಕು.

ಆಮೇಲೆ ಬಾತುಕೋಳಿಯ ಕೊಕ್ಕಿನಂಥ ಒಂದು ಉಪಕರಣ ಒಳಗೆ ಇಡುತ್ತಾರೆ. ಸ್ಪೆಕ್ಯುಲಮ್ ಅಂತ ಹೆಸರು. ತಣ್ಣಗಿರುತ್ತದೆ, ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ. ಆಗ ಉಸಿರು ಬಿಗಿಹಿಡಿದು ತೊಡೆ ಬಿಗಿ ಮಾಡಿಕೊಂಡರೆ ನೋವು ಹೆಚ್ಚು. ಬಾಯಿ ತೆರೆದು ಉಸಿರು ಬಿಡಿ, ಸೊಂಟ ಮೇಜಿಗೆ ಒರಗಲಿ. ಕೊಕ್ಕು ನಿಧಾನಕ್ಕೆ ತೆರೆದಾಗ ಒತ್ತಿದ ಹಾಗೆ ಅನ್ನಿಸುತ್ತದೆ, ಕೊಯ್ದ ಹಾಗಲ್ಲ. ತಡೆಯಲಾಗದಿದ್ದರೆ ‘ನಿಲ್ಲಿಸಿ’ ಅಂದರೆ ನಿಲ್ಲಿಸಬೇಕು.

ಟಾರ್ಚೋ ಲೈಟೋ ಬಿಟ್ಟು ನೋಡಿ, ವಿನೆಗರಿನಂಥ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಮೂರರಿಂದ ಐದು ಪರ್ಸೆಂಟಿನ ಅಸೆಟಿಕ್ ಆಮ್ಲ, ಉಪ್ಪಿನಕಾಯಿಗೆ ಹಾಕುವ ವಿನೆಗರಿನ ಅಣ್ಣತಮ್ಮ. ಸ್ವಲ್ಪ ಚುರುಗುಟ್ಟಬಹುದು. ಒಂದು ನಿಮಿಷ ಗಡಿಯಾರ ನೋಡಿ ಕಾಯುತ್ತಾರೆ. ಕೆಟ್ಟ ಜಾಗವಿದ್ದರೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ, ಇಲ್ಲವಾದರೆ ಗುಲಾಬಿ ಬಣ್ಣವೇ ಇರುತ್ತದೆ. ಇದಕ್ಕೆ ವಿಐಎ ಅನ್ನುತ್ತಾರೆ, ಫಲಿತಾಂಶ ಅಲ್ಲೇ. ಮಲಗಿ ಏಳುವಷ್ಟರಲ್ಲಿ ಐದು ನಿಮಿಷ. ನಾನು ಆ ಒಂದು ನಿಮಿಷದಲ್ಲಿ ಛಾವಣಿಯ ಫ್ಯಾನಿನ ಮೇಲಿನ ಜೇಡರ ಬಲೆ ನೋಡುತ್ತಿದ್ದೆ. ಸಿಸ್ಟರ್ ನನ್ನ ತವರೂರು ಕೇಳುತ್ತಿದ್ದರು; ಅವರೂ ಶ್ರೀನಿವಾಸಪುರದವರೇ, ಮಾತು ತೆಲುಗಿಗೆ ತಿರುಗಿತು, ನಿಮಿಷ ಕಳೆದದ್ದೇ ತಿಳಿಯಲಿಲ್ಲ.

‘ಡಾಕ್ಟರು ನೋಡಲಿಲ್ಲ, ನರ್ಸು ನೋಡಿದ್ದು ಲೆಕ್ಕವಾ’ ಅಂತ ಕೇಳುವವರಿದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಅಧ್ಯಯನದಲ್ಲಿ ಈ ವಿನೆಗರ್ ಪರೀಕ್ಷೆಯನ್ನು ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರಿಂದಲೇ ಮಾಡಿಸಿದರು. ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ಲೆಕ್ಕವೇ.

ಕೆಲವು ಕಡೆ ಪ್ಯಾಪ್ ಸ್ಮಿಯರ್ ಮಾಡುತ್ತಾರೆ: ಸಣ್ಣ ಬ್ರಷ್‌ನಿಂದ ಸವರಿ ಗಾಜಿನ ಮೇಲೆ ಹಚ್ಚಿ ಲ್ಯಾಬಿಗೆ ಕಳಿಸುವುದು. ಎಚ್‌ಪಿವಿ ಪರೀಕ್ಷೆಯಾದರೆ ವೈರಸ್ಸು ಇದೆಯೇ ಎಂದು ಹುಡುಕುತ್ತಾರೆ. ಮೂರರಲ್ಲಿ ಹೆಚ್ಚು ನಿಖರವಾದದ್ದು ಇದೇ. ಸಿಗುವ ಕಡೆ ಮಾಡಿಸಿಕೊಳ್ಳಿ. ಐವತ್ತು ದಾಟಿ ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುತ್ತದೆ, ವಿನೆಗರ್ ಹಚ್ಚಿದರೂ ಸರಿಯಾಗಿ ಕಾಣದಿರಬಹುದು. ಅವರು ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯನ್ನೇ ಕೇಳುವುದು ಮೇಲು.

ಅದೇ ದಿನ ಊಟ ಮಾಡುವ ಬಾಯಿ ಮತ್ತು ಎದೆಯನ್ನೂ ತೋರಿಸಿಬಿಡಿ. ಮೂರು ಪರೀಕ್ಷೆಯೂ ಒಂದೇ ಕಾರ್ಯಕ್ರಮದಲ್ಲಿ ಬರುತ್ತದೆ. ಕಡ್ಡಿಪುಡಿ ಹಾಕುವ ನಮ್ಮ ಅಜ್ಜಿಯರಿಗಂತೂ ಮೇಲಿನ ಬಾಯಿಯ ಪರೀಕ್ಷೆಯೇ ಮೊದಲು ಆಗಬೇಕು.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮುಳಬಾಗಿಲು ದೋಸೆ ತಿಂದೇ ಬಸ್ಸು ಹತ್ತುವುದು, ಖರ್ಚು ಸಂಘದ್ದು. ಪುಸ್ತಕದಲ್ಲಿ ‘ಸಭೆಯ ಖರ್ಚು’ ಅಂತ ಬರೆಯುತ್ತೇನೆ. ನನ್ನ ಉಪದೇಶಕ್ಕಿಂತ ಆ ದೋಸೆಯೇ ಹೆಚ್ಚು ಜನರನ್ನು ಕರೆತಂದಿದೆ ಎಂದು ನನ್ನ ಅನುಮಾನ.

ಚೀಟಿ ಕೈಗೆ ಬಂದ ಮೇಲೆ

ಬರಿಗೈಯಲ್ಲಿ ಏಳಬೇಡಿ. ‘ಏನಿಲ್ಲ ಹೋಗಮ್ಮ’ ಅಂದರೂ ತಾರೀಕು, ಯಾವ ಪರೀಕ್ಷೆ, ಏನು ಬಂತು ಅಂತ ಬರೆಸಿಕೊಳ್ಳಿ. ಪ್ಯಾಪ್ ಆದರೆ ವರದಿಗೆ ಯಾವಾಗ, ಯಾರನ್ನು ಕೇಳಬೇಕು ಅನ್ನುವುದನ್ನೂ ಬರೆಸಿ. ನಮ್ಮವರೊಬ್ಬರ ಪ್ಯಾಪ್ ವರದಿ ಎರಡು ತಿಂಗಳು ಯಾವುದೋ ಕಪಾಟಿನಲ್ಲಿ ಮಲಗಿತ್ತು. ‘ಫೋನು ಬರಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ’ ಎಂದು ಅವರು ನೆಮ್ಮದಿಯಾಗಿದ್ದರು.

ಪಾಸಿಟಿವ್ ಎಂದು ಬಂದರೆ ಕ್ಯಾನ್ಸರ್ ಎಂದು ಅರ್ಥವಲ್ಲ. ಈ ಒಂದು ಸಾಲನ್ನು ಮನೆಯವರಿಗೂ ಮೊದಲೇ ಹೇಳಿಟ್ಟಿರಿ. ಬೆಳ್ಳಗೆ ಕಂಡದ್ದು ಬರೀ ಸೋಂಕೋ ಊತವೋ ಇರಬಹುದು, ಕ್ಯಾನ್ಸರಿಗೆ ಹತ್ತಾರು ವರ್ಷ ಹಿಂದಿನ ಬದಲಾವಣೆಯೂ ಇರಬಹುದು. ಮುಂದೆ ಕಾಲ್ಪೊಸ್ಕೋಪಿ ಮಾಡುತ್ತಾರೆ, ಅಂದರೆ ಭೂತಗನ್ನಡಿಯಂಥ ಯಂತ್ರದಲ್ಲಿ ಅದೇ ಜಾಗವನ್ನು ದೊಡ್ಡದು ಮಾಡಿ ನೋಡುವುದು. ಬೇಕೆನಿಸಿದರೆ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಅಲ್ಲ, ಮುಂಚಿನ ಹಂತ ಎಂದಾದರೆ ಬಿಸಿ ಮೊನೆಯನ್ನು ಅರ್ಧ ನಿಮಿಷದಷ್ಟು ತಾಗಿಸಿ ಸುಡುವುದು, ಇಲ್ಲವೇ ಅತಿ ತಂಪಿನಿಂದ ಹೆಪ್ಪುಗಟ್ಟಿಸುವುದು, ಇಲ್ಲವೇ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನಷ್ಟೇ ಕೆತ್ತಿ ತೆಗೆಯುವುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಆಮೇಲೆ ಕೆಲವು ವಾರ ನೀರಿನ ಹಾಗೆ ಹೋಗುತ್ತದೆ, ಒಂದು ತಿಂಗಳು ಗಂಡನಿಂದ ದೂರ ಇರಬೇಕು. ಜ್ವರ, ಕೆಟ್ಟ ವಾಸನೆ, ಹೆಚ್ಚು ರಕ್ತ ಕಂಡರೆ ತಕ್ಷಣ ವಾಪಸ್ ಹೋಗಬೇಕು. ವರ್ಷ ತುಂಬಿದ ಮೇಲೆ ಮತ್ತೆ ಪರೀಕ್ಷೆ.

‘ಗರ್ಭಕೋಶ ತೆಗೆಸಿಬಿಡಿ’ ಅಂದರೆ

ನನ್ನ ನಾದಿನಿಗೆ ಮೂವತ್ತನಾಲ್ಕು ವರ್ಷ. ಬಿಳಿಸೆರಗು, ಸೊಂಟನೋವು. ಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗ್ ಮಾಡಿ ‘ಬಾಯಿಯಲ್ಲಿ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ಮಕ್ಕಳಾಗಿದೆಯಲ್ಲ, ತೆಗೆಸಿಬಿಡಿ’ ಅಂದರು. ಸೋಮವಾರಕ್ಕೆ ಬೆಡ್ಡು, ನಲವತ್ತು ಸಾವಿರ. ಮೈದುನ ಹಸು ಮಾರಲು ದಲ್ಲಾಳಿಯನ್ನು ಕರೆಸಿಯೂ ಆಗಿತ್ತು. ಪ್ಯಾಪ್ ಮಾಡಿದರಾ ಅಂತ ಕೇಳಿದೆ. ಇಲ್ಲ. ವಿನೆಗರ್ ಹಚ್ಚಿದರಾ? ಇಲ್ಲ. ಶನಿವಾರವೇ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಪರೀಕ್ಷೆ ಮಾಡಿ, ಸೋಂಕು ಅಂದರು. ಗಂಡ ಹೆಂಡತಿ ಇಬ್ಬರಿಗೂ ಮಾತ್ರೆ ಬರೆದುಕೊಟ್ಟರು, ಪ್ಯಾಪ್ ಕಳಿಸಿದರು, ಸರಿಯಾಗಿ ಬಂತು. ಹಸು ಇನ್ನೂ ಮನೆಯಲ್ಲಿದೆ.

ಬಿಳಿಸೆರಗಿಗೆ ನೂರು ಕಾರಣ. ಬಹಳ ಸಲ ಅದು ಮಾತ್ರೆಯಲ್ಲಿ ವಾಸಿಯಾಗುವ ಸೋಂಕು. ಕ್ಯಾನ್ಸರಿನ ಹೆದರಿಕೆ ಹಾಕಿ ಗರ್ಭಕೋಶ ತೆಗೆಯಲು ಹೊರಟವರನ್ನು ಮೂರು ಮಾತು ಕೇಳಿ. ಪ್ಯಾಪ್, ವಿಐಎ ಅಥವಾ ಎಚ್‌ಪಿವಿ ಪರೀಕ್ಷೆಯ ವರದಿ ಎಲ್ಲಿ? ಬಯಾಪ್ಸಿಯಲ್ಲಿ ಏನು ಬಂದಿದೆ? ಬಾಯಿಯನ್ನಷ್ಟೇ ಸುಟ್ಟು ಅಥವಾ ಕೆತ್ತಿ ವಾಸಿ ಮಾಡಲು ಆಗುವುದಿಲ್ಲವಾ, ಯಾಕೆ? ಉತ್ತರ ಸಿಗದಿದ್ದರೆ ಚೀಟಿ ತೆಗೆದುಕೊಂಡು ಎದ್ದು ಬನ್ನಿ. ಎರಡು ದಿನದಲ್ಲಿ ಏನೂ ಮುಳುಗಿಹೋಗುವುದಿಲ್ಲ. ಇನ್ನೂ ಒಂದು ಅಪಾಯವಿದೆ: ಒಳಗೆ ನಿಜವಾಗಿ ಕ್ಯಾನ್ಸರ್ ಇದ್ದು, ಪರೀಕ್ಷೆ ಮಾಡದೆ ಮಾಮೂಲಿ ಆಪರೇಷನ್ ಮಾಡಿಬಿಟ್ಟರೆ ಮುಂದಿನ ಚಿಕಿತ್ಸೆ ಇನ್ನಷ್ಟು ಕಷ್ಟವಾಗುತ್ತದೆ. ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂವತ್ತೈದಕ್ಕೇ ಮುಟ್ಟು ನಿಂತವರ ಹಾಗೆ ಮೈ ಬಿಸಿ, ಮೂಳೆ ಸವೆತ. ನಿಜವಾಗಿ ಬೇಕಾದವರಿಗೆ ಈ ಆಪರೇಷನ್ ಬೇಕೇ ಬೇಕು, ಅದನ್ನು ಬೇಡ ಅನ್ನುತ್ತಿಲ್ಲ. ಕಾಗದ ನೋಡದೆ ಬೇಡ.

ಕ್ಯಾನ್ಸರ್ ಎಂದೇ ಬಂದರೆ

ದೊಡ್ಡಕ್ಕನಿಗೆ ಬಂದದ್ದು ಆಪರೇಷನ್ನಿನ ಹಂತ ದಾಟಿದ್ದು. ಚಿಕ್ಕದಿದ್ದಾಗ ಆಪರೇಷನ್ನಿನಲ್ಲೇ ಮುಗಿಯಬಹುದು. ಸುತ್ತ ಹರಡಿದ್ದರೆ ರೇಡಿಯೇಷನ್, ನಮ್ಮ ಜನ ‘ಕರೆಂಟ್ ಇಡುವುದು’ ಅನ್ನುವ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ, ಜೊತೆಗೆ ವಾರಕ್ಕೊಮ್ಮೆ ಕೀಮೋ ಎಂಬ ಕ್ಯಾನ್ಸರಿನ ಔಷಧಿ, ಕೊನೆಗೆ ಒಳಗೇ ಇಟ್ಟು ಕೊಡುವ ರೇಡಿಯೇಷನ್. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ನಡುವೆ ಹಬ್ಬಕ್ಕೆ, ನಾಟಿಗೆ, ಮದುವೆಗೆ ಅಂತ ಬಿಟ್ಟು ಬಂದರೆ ಗುಣ ಕಡಿಮೆಯಾಗುತ್ತದೆ. ಮೂರನೇ ವಾರಕ್ಕೆ ಭೇದಿ, ಸುಸ್ತು, ಮೂತ್ರದಲ್ಲಿ ಉರಿ ಶುರುವಾಗಿ ‘ಸಾಕು, ಮನೇಲೇ ಸಾಯ್ತೀನಿ’ ಅನ್ನುತ್ತಾರೆ. ದೊಡ್ಡಕ್ಕನೂ ಅಂದರು. ಅವಕ್ಕೆಲ್ಲ ಮಾತ್ರೆ ಇದೆ, ಡಾಕ್ಟರಿಗೆ ಹೇಳಿ. ರಕ್ತ ಕಡಿಮೆಯಿದ್ದರೆ ಅದನ್ನೂ ಏರಿಸುತ್ತಾರೆ. ರಾಗಿ ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ, ಬೇಕಾದಷ್ಟು ನೀರು.

ಮೊದಲೇ ಜೋಡಿಸಿಕೊಳ್ಳಬೇಕಾದ್ದು ಕಾಗದ ಮತ್ತು ಜನ. ಕಾಗದ ಅಂದರೆ ಬಯಾಪ್ಸಿ ವರದಿ, ಸ್ಕ್ಯಾನ್, ಆಧಾರ್, ಬಿಪಿಎಲ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷ ಮಿತಿಯೊಳಗೆ. ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದುಡ್ಡು ಕಟ್ಟಿಬಿಟ್ಟು ಆಮೇಲೆ ಕಾರ್ಡು ತೋರಿಸಿದರೆ ಕಷ್ಟ. ಆಸ್ಪತ್ರೆಗೆ ಹೋದ ಕೂಡಲೇ ಆರೋಗ್ಯಮಿತ್ರ ಎಲ್ಲಿದ್ದಾರೆಂದು ಕೇಳಿ, ಅವರ ಕೆಲಸವೇ ಇದು.

ನಮ್ಮ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೇ ದೊಡ್ಡ ಆಸರೆ, 1973ರಿಂದ ಇದೆ. ಮುಳಬಾಗಿಲಿನಿಂದ ಬೆಂಗಳೂರು ನೂರು ಕಿಲೋಮೀಟರ್ ಹತ್ತಿರ. ಶಕ್ತಿ ಯೋಜನೆ ಬಂದ 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ, ಜೊತೆಗೆ ಹೋಗುವವರೂ ಹೆಂಗಸಾದರೆ ಬಸ್ ಖರ್ಚು ಸೊನ್ನೆ. ಬಂಗಾರಪೇಟೆ ಕಡೆಯವರು ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ, ಫಾರಂಗೆ ಆಸ್ಪತ್ರೆಯಲ್ಲಿ ಸಹಿ ಹಾಕಿಸಬೇಕು. ಆದರೆ ದಿನಾ ಹೋಗಿಬರುವುದು ಆ ಸುಸ್ತಿನಲ್ಲಿ ಆಗದ ಮಾತು. ಉಳಿಯಲು ಧರ್ಮಶಾಲೆ ಸಿಗುತ್ತದಾ ಅಂತ ಮೊದಲ ದಿನವೇ ಸಮಾಜ ಕಾರ್ಯಕರ್ತರನ್ನು ಕೇಳಿ ಹೆಸರು ಬರೆಸಿ.

ಜನ ಅಂದರೆ ಇದು: ಎಂಟು ವಾರ ಹಸು ಕರೆಯುವವರು ಯಾರು, ಸಂಘದ ಕಂತು ಕಟ್ಟುವವರು ಯಾರು, ಜೊತೆಗೆ ಯಾವ ವಾರ ಯಾರು. ನಾವು ಒಂದು ಹಾಳೆಯಲ್ಲಿ ಬರೆದು ದೊಡ್ಡಕ್ಕನ ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆವು. ನೋಡಲು ಬಂದು ಅಳುವವರನ್ನು ಹೊರಗಿಂದಲೇ ಕಾಫಿ ಕೊಟ್ಟು ಕಳಿಸುವ ಕೆಲಸವನ್ನು ಅವರ ಸೊಸೆ ವಹಿಸಿಕೊಂಡಳು, ಬಹಳ ಚೆನ್ನಾಗಿ ಮಾಡಿದಳು.

‘ಕರೆಂಟ್ ಇಟ್ಟ ಮೈ, ಮಕ್ಕಳನ್ನು ಮುಟ್ಟಬಾರದು’ ಎಂಬ ಮಾತು ಕೇಳಿಬರುತ್ತದೆ. ಸುಳ್ಳು. ಈ ಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಮೈಯಲ್ಲಿ ಏನೂ ಉಳಿದಿರುವುದಿಲ್ಲ, ಮೊಮ್ಮಗನನ್ನು ತೊಡೆಯ ಮೇಲೇ ಕೂರಿಸಿಕೊಳ್ಳಬಹುದು. ಚಿಕ್ಕ ವಯಸ್ಸಿನವರಿಗೆ ರೇಡಿಯೇಷನ್ನಿನಿಂದ ಮುಟ್ಟು ನಿಲ್ಲುತ್ತದೆ, ಒಳದಾರಿ ಕಿರಿದಾಗಿ ಒಣಗುತ್ತದೆ. ಅದಕ್ಕೂ ಅಭ್ಯಾಸ, ಸಾಧನ, ಮುಲಾಮು ಇದೆ. ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಗಂಡನನ್ನೂ ಒಳಗೆ ಕರೆದುಕೊಂಡು ಹೋಗಿ ಕೇಳಿದರೆ ಇನ್ನೂ ವಾಸಿ.

ದೊಡ್ಡಕ್ಕ ಈಗ ಮೂರು ತಿಂಗಳಿಗೊಮ್ಮೆ ಇದ್ದ ತಪಾಸಣೆ ಮುಗಿಸಿ ಆರು ತಿಂಗಳಿಗೊಮ್ಮೆಯದಕ್ಕೆ ಬಂದಿದ್ದಾರೆ. ತೋಟಕ್ಕೆ ಹೋಗುವುದಿಲ್ಲ, ಮನೆಯಲ್ಲೇ ಕೂತು ಎಲ್ಲರನ್ನೂ ಗದರುತ್ತಾರೆ.

ಹೆಣ್ಣುಮಕ್ಕಳ ಲಸಿಕೆ

ಇದು ಸಣ್ಣ ಮಾತು, ಆದರೆ ಬಿಡಬಾರದ್ದು. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಎಚ್‌ಪಿವಿ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ವೈರಸ್ಸು ಸೋಕುವ ಮುಂಚೆಯೇ ಮೈ ಸಜ್ಜಾಗಿರಬೇಕು. ಖಾಸಗಿಯಲ್ಲಿ ಈ ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸು, 15 ದಾಟಿದವರಿಗೆ ಮೂರು ಡೋಸು ಹಾಕುವುದು ರೂಢಿ. ಒಂದು ಡೋಸೂ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ನಮ್ಮ ದೇಶದಲ್ಲೇ ತಯಾರಾದದ್ದು. ಸರ್ಕಾರದಿಂದ ಉಚಿತವಾಗಿ ಯಾವ ವಯಸ್ಸಿನವರಿಗೆ ಹಾಕುತ್ತಿದ್ದಾರೆಂದು ಆಶಾ ಕಾರ್ಯಕರ್ತೆಯನ್ನೂ ಶಾಲೆಯ ಮೇಡಂ ಅವರನ್ನೂ ಕೇಳಿ, ಆಮೇಲೆ ದುಡ್ಡು ಕೊಡುವ ಯೋಚನೆ ಮಾಡಿ. ‘ಈ ಸೂಜಿ ಹಾಕಿದರೆ ಮುಂದೆ ಮಕ್ಕಳಾಗಲ್ಲ’ ಎಂಬುದು ಕಟ್ಟುಕತೆ. ತೋಳಿಗೆ ಹಾಕುತ್ತಾರೆ, ನೋಯುತ್ತದೆ, ಕೆಲವು ಹುಡುಗಿಯರಿಗೆ ಸೂಜಿಯ ಭಯಕ್ಕೆ ತಲೆ ಸುತ್ತುತ್ತದೆ. ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ, ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ಲಸಿಕೆ ಹಾಕಿಸಿಕೊಂಡವಳಿಗೂ ಮೂವತ್ತಾದ ಮೇಲೆ ಪರೀಕ್ಷೆ ತಪ್ಪುವುದಿಲ್ಲ.

ಪುಸ್ತಕದ ಕೊನೆಯ ಹಾಳೆ

ಐದು ವರ್ಷವಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಸಾಲದ ಕಂತಾದರೆ ನಾನು ನೆನಪಿಸುತ್ತೇನಲ್ಲ, ಹಾಗೆಯೇ ಇದಕ್ಕೂ ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಕಾಲಂ ಹಾಕಿದ್ದೇನೆ: ಹೆಸರು, ಮುಂದಿನ ಪರೀಕ್ಷೆಯ ತಿಂಗಳು ಮತ್ತು ವರ್ಷ. ನಿಮ್ಮ ಸಂಘದಲ್ಲೂ ಮಾಡಬಹುದು, ಹತ್ತು ನಿಮಿಷದ ಕೆಲಸ. ಏನು ಬಂತು ಎಂಬ ಕಾಲಂ ಮಾತ್ರ ಹಾಕಬೇಡಿ. ನಾನು ಮೊದಲು ಹಾಕಿದ್ದೆ. ಪುಸ್ತಕ ಹತ್ತು ಮನೆ ತಿರುಗುತ್ತದೆ, ಬ್ಯಾಂಕಿನವರೂ ನೋಡುತ್ತಾರೆ ಎಂದು ದೊಡ್ಡಕ್ಕನೇ ಬೈದು ಆ ಹಾಳೆ ಹರಿಸಿದರು.